ಕೈ ಎತ್ತಿ ನಿಂತವನು

ಏಪ್ರಿಲ್ 6, ಭಾನುವಾರ, ಸಂಜೆ

ಬೆದರುಬೊಂಬೆಯ ಕಥೆಯನ್ನು ಮೊದಲು ಹೇಳಿದ್ದು ಅಜ್ಜಿ. ನಾನಾಗ ಎರಡನೇ ಕ್ಲಾಸು. ಆಡಲು ಹೋಗಿ ಮೊಣಕಾಲು ತರಚಿಕೊಂಡು ಬಂದಿದ್ದೆ. ಅಳು ನಿಲ್ಲಲೆಂದು, ಗಾಯ ತೊಳೆಯುತ್ತಲೇ ಹೇಳಿದಳು. ಇವತ್ತು ಅದೇ ಮೊಣಕಾಲ ಮೇಲೆ ಐಸ್ ಚೀಲ ಇಟ್ಟುಕೊಂಡು ಕೂತಾಗ ನೆನಪಾಯಿತು. ಆ ಬೊಂಬೆ ಬೇರೆ ಯಾರೂ ಅಲ್ಲ, ನಾನೇ.

ಇವತ್ತಿನ ಫುಟ್‌ಬಾಲ್ ಮ್ಯಾಚಿನಲ್ಲಿ ಎದುರಾಳಿ ನನ್ನ ಹಿಂದೆ, ಗೋಲಿನ ಕಡೆ, ಜಾರಿಕೊಂಡಿದ್ದ. ಚೆಂಡು ಅವನಿಗೇ ಬಂತು. ಶುದ್ಧ ಆಫ್‌ಸೈಡ್, ಗೋಲ್ ಹೊಡೆದರೂ ಲೆಕ್ಕಕ್ಕಿಲ್ಲ — ಅದು ನನ್ನ ತೀರ್ಮಾನ. ರೆಫರಿಗೆ ಕಾಣಲೆಂದು ಕೈ ಎತ್ತಿದೆ. ಓಡುವುದು ಬಿಟ್ಟೆ. ಲೈನ್ ಪಕ್ಕದ ರೆಫರಿ ಬಾವುಟ ಎತ್ತಲೇ ಇಲ್ಲ. ಎದುರಾಳಿ ಮಾವನ ಮನೆಗೆ ಹೋದ ಹಾಗೆ ಆರಾಮಾಗಿ ಹೋಗಿ ಗೋಲ್ ಹೊಡೆದ. ನನ್ನ ಕೈ ಇನ್ನೂ ಮೇಲೆಯೇ ಇತ್ತು... ಸೋತೆವು.

ಮನೆಗೆ ಬಂದರೆ ಬಾಗಿಲಲ್ಲೇ ಹೆಂಡತಿ. “ಟೀವೀಲಿ ನೋಡಿದೆ ರೀ. ಯಾವ ಬಸ್ಸಿಗೆ ಕೈ ಮಾಡ್ತಿದ್ರಿ?”

ಹಿಂದಿನಿಂದ ಮಗಳು: “ಮಿಸ್ ಪ್ರಶ್ನೆ ಕೇಳಿದ ಮೇಲೇ ಕೈ ಎತ್ಬೇಕು ಅಪ್ಪ.”

ಏಪ್ರಿಲ್ 8

ಕೋಚ್ ರೂಮಿಗೆ ಕರೆದರು. (ಬೇರೆ ಭಾಷೆಯ ಈ ಊರಿನವರ ಮಾತು ನನ್ನ ಕಿವಿಯಲ್ಲಿ ಕನ್ನಡವಾಗಿಯೇ ಇಳಿಯುತ್ತದೆ ಈಗ. ಹಾಗೇ ಬರೆಯುತ್ತೇನೆ.)

“ನಿನ್ನ ಕಾಲಿಗೆ ವಯಸ್ಸಾಗಿಲ್ಲಪ್ಪ. ಕಾಟ ಕೊಡ್ತಿರೋದು ಕೈ. ಕೈ ಮೇಲೆ ಹೋದ ಕೂಡಲೇ ಕಾಲು ನಿಂತುಹೋಗುತ್ತೆ.”

“ಬಿಡ್ತೀನಿ ಸರ್.”

“ನೋಡೋಣ. ಮುಂದಿನ ವರ್ಷದ ಮಾತು ಕೊನೇ ಮ್ಯಾಚ್ ಆದ ಮೇಲೆ.”

ಅಂದರೆ — ಇಲ್ಲೇ ಇರುತ್ತೇವೋ, ಮತ್ತೆ ಗಂಟುಮೂಟೆ ಕಟ್ಟುತ್ತೇವೋ, ಈ ಕೈ ಮೇಲೆ ನಿಂತಿದೆ. ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ಮಗಳು ಊಟದ ತಟ್ಟೆ ಬಿಟ್ಟು ಕೇಳಿದಳು: “ಮತ್ತೆ ಸ್ಕೂಲು ಬಿಡ್ಬೇಕಾ? ಈಗ ತಾನೇ ಫ್ರೆಂಡ್ ಸಿಕ್ಕಿದಾಳೆ.” ಅವಳ ತಟ್ಟೆಗೆ ಇನ್ನೊಂದಿಷ್ಟು ಅನ್ನ ಬಡಿಸಿದೆ. ಬೈಸಿಕೊಂಡೆ.

ಏಪ್ರಿಲ್ 9

ಪ್ರಾಕ್ಟೀಸಿನಲ್ಲಿ ಎರಡೂ ಕೈಗೆ ಒಂದೊಂದು ಟೆನ್ನಿಸ್ ಬಾಲ್ ಕೊಟ್ಟರು. ಬೀಳಿಸುವ ಹಾಗಿಲ್ಲ, ಕೈ ಎತ್ತುವ ಹಾಗಿಲ್ಲ. ಡಿಫೆನ್ಸಿನಲ್ಲಿ ನನ್ನ ಜೊತೆಗಾರ ಉದ್ದಣ್ಣ — ಬಾಗಿಲು ಕಂಡಲ್ಲೆಲ್ಲ ತಲೆ ಬಗ್ಗಿಸುವವನು — ದಿನವಿಡೀ ಒಂದೇ ಹಾಸ್ಯ ಮಾಡಿದ: “ಮೊಟ್ಟೆ ಜೋಪಾನ ಅಣ್ಣ! ಮರಿ ಆಗೋ ಹೊತ್ತು!”

ಮನೆಯಲ್ಲೂ ಹಿಡಿದುಕೊಂಡೇ ಓಡಾಡಿದೆ. ಹೆಂಡತಿ ಪಾತ್ರೆ ತೊಳೆಯಲು ಕರೆದಾಗ ಮಾತ್ರ ಇದು ಒಳ್ಳೆಯ ಅಭ್ಯಾಸ ಅನ್ನಿಸಿತು.

ಏಪ್ರಿಲ್ 27

ಇಷ್ಟು ದಿನ ಕೋಚ್ ಆಡಿಸಲಿಲ್ಲ, ಬರೆಯುವುದಕ್ಕೆ ಏನೂ ಇರಲಿಲ್ಲ. ಬೆಂಚಿನ ಮೇಲೆ ಕೂತವನಿಗೆ ಯಾವ ದಿನಚರಿ? ನೀರು ಕುಡಿದೆ, ಚಪ್ಪಾಳೆ ತಟ್ಟಿದೆ, ಮನೆಗೆ ಬಂದೆ.

ಇವತ್ತು ಜೆರ್ಸಿ ಅಜ್ಜನ ಕೋಣೆಯಲ್ಲಿ ಕೂತಿದ್ದೆ. ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಬೆನ್ನಿಗೆ ನಂಬರ್ ಅಂಟಿಸುವವರು ಅವರೇ. ಈ ಕ್ಲಬ್ಬಿನಲ್ಲಿ ಒಂದು ಪದ್ಧತಿ: ಯಾರು ಉಳಿಯುತ್ತಾರೆ ಅನ್ನುವುದನ್ನು ಕೋಚ್ ಮೊದಲು ಹೇಳುವುದು ಅಜ್ಜನಿಗೆ. ಹೊಸ ಜೆರ್ಸಿಗೆ ನಂಬರ್ ಬೀಳಬೇಕಲ್ಲ! ಆಮೇಲೆ ಆಫೀಸಿಗೆ. ನಮಗೆ ಎಲ್ಲಕ್ಕಿಂತ ಕೊನೆಗೆ.

“ಅಜ್ಜ, ಮುಂದಿನ ವರ್ಷದ ಜೆರ್ಸಿ ಬಣ್ಣ ಯಾವುದು?”

“ಬಣ್ಣಾನೂ ಹೇಳಲ್ಲ, ನಂಬರೂ ಹೇಳಲ್ಲ. ಕಾಫಿ ಬೇಕಿದ್ರೆ ಕುಡಿ.”

ಕುಡಿದೆ.

ಮೇ 10, ಶನಿವಾರ, ಬಸ್ಸಿನಲ್ಲಿ

ಕೊನೆಯ ಮ್ಯಾಚ್. ಎದುರಾಳಿ ತಂಡದ ಊರಿನಲ್ಲಿ. ಒಂದು ಗೋಲ್ ಮುಂದಿದ್ದೆವು. ದ್ವಿತೀಯಾರ್ಧದಲ್ಲಿ ಉದ್ದಣ್ಣನ ಕಾಲು ಹಿಡಿದುಕೊಂಡಿತು. ಕೋಚ್ ಬೆಂಚಿನತ್ತ ನೋಡಿದರು. ನಾನು ಆಗಲೇ ಲೇಸ್ ಬಿಗಿಯುತ್ತಿದ್ದೆ.

ಮುಗಿಯುವ ಹೊತ್ತಿಗೆ ಅದೇ ಆಟ. ಎದುರಾಳಿ ನನ್ನ ಹಿಂದೆ ಜಾರಿಕೊಂಡ. ಚೆಂಡು ತಲೆಯ ಮೇಲಿಂದ ಹೋಯಿತು. ಕೈ ತುರಿಸಿತು. ದೇವರಾಣೆ, ಭುಜದವರೆಗೂ ತುರಿಸಿತು! ಮುಷ್ಟಿ ಬಿಗಿ ಹಿಡಿದೆ, ಇಲ್ಲದ ಟೆನ್ನಿಸ್ ಬಾಲು ಅಂಗೈಯಲ್ಲಿದೆ ಅಂದುಕೊಂಡೆ. ಓಡಿದೆ. ಅವನು ಒದ್ದ. ಚೆಂಡು ಗೋಲ್‌ಕೀಪರನನ್ನೂ ದಾಟಿತು. ಗೆರೆಯ ಮೇಲೆ ಜಾರಿ ಬಿದ್ದು ಹೊರಗೆ ತಳ್ಳಿದೆ. ಎದ್ದು ನೋಡಿದರೆ — ಬಾವುಟ ಇವತ್ತೂ ಮೇಲೆ ಹೋಗಿರಲಿಲ್ಲ.

ಗೆದ್ದೆವು. ಬಸ್ಸಿನಲ್ಲಿ ಗಲಾಟೆ. “ಇಷ್ಟು ದಿನ ಯಾಕಣ್ಣ ಓಡ್ಲಿಲ್ಲ?” ಎಂದು ಉದ್ದಣ್ಣ ಕೆಣಕಿದ. ಆಗ ಅಜ್ಜಿಯ ಕಥೆ ಹೇಳಿದೆ, ಅವಳ ಹಾಗೆಯೇ ಕಣ್ಣು ಅಗಲಿಸಿ.

ಒಂದೂರಲ್ಲಿ ಒಂದು ಬೆದರುಬೊಂಬೆ. ಯಜಮಾನ ಅದಕ್ಕೆ ತನ್ನದೇ ಅಂಗಿ ತೊಡಿಸಿ, ಒಂದು ಕೈ ಎತ್ತಿ ನಿಲ್ಲಿಸಿದ. ಮೊದಲ ದಿನ ಹಕ್ಕಿಗಳು ಹೆದರಿ ಹಾರಿಹೋದವು. ಬೊಂಬೆಗೆ ಜಂಬ — ನಾನು ಕೈ ಎತ್ತಿದರೆ ಸಾಕು! ಮರುದಿನ ಒಂದು ಗುಬ್ಬಚ್ಚಿ ಬಂತು. ಕೈ ನೋಡಲಿಲ್ಲ, ಕಾಲು ನೋಡಿತು. ತಿರುಗಿ ಹೋಗಿ ಬಳಗಕ್ಕೆಲ್ಲ ಹೇಳಿತು: “ಬನ್ರೋ, ಆಯಪ್ಪ ಬರೀ ಮೇಲಿಂದ ಗದರಿಸ್ತಾನೆ, ಕೆಳಗಿಂದ ಅಲ್ಲಾಡಲ್ಲ.” ತೆನೆ ಖಾಲಿ. ಕೊನೆಗೆ ಆ ಎತ್ತಿದ ಕೈಯ ಕಂಕುಳಲ್ಲೇ ಗೂಡು ಕಟ್ಟಿ ಸಂಸಾರ ಹೂಡಿತು ಗುಬ್ಬಚ್ಚಿ!

ಉದ್ದಣ್ಣ ನಕ್ಕು ನಕ್ಕು ಬಸ್ಸಿನ ಮೇಲ್ಛಾವಣಿಗೆ ತಲೆ ಬಡಿದುಕೊಂಡ. ಜೆರ್ಸಿ ಅಜ್ಜ ಕಣ್ಣೊರೆಸಿಕೊಂಡರು. ಮುಂದಿನ ಸೀಟಿನ ಕೋಚ್ ಮಾತ್ರ ತಿರುಗಿ ನೋಡಲಿಲ್ಲ. ಮುಂದಿನ ವರ್ಷದ ಸುದ್ದಿಯೂ ಎತ್ತಲಿಲ್ಲ.

ಮೇ 11, ಬೆಳಿಗ್ಗೆ

ಮೈದಾನದ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಲಾಕರ್ ಖಾಲಿ ಮಾಡುವ ದಿನ. ಶೂ ಹೊರಲು ಮಗಳೂ ಬಂದಿದ್ದಾಳೆ.

ನಿನ್ನೆ ಕಥೆ ಕೇಳಿದವರೆಲ್ಲ ನಮಗಿಂತ ಮೊದಲೇ ಬಂದು ಏನು ಮಾಡಿದ್ದಾರೆ! ಗೋಲಿನ ಮುಂದೆ ಬೆದರುಬೊಂಬೆ. ಪೊರಕೆಯ ಮೈ, ಬಕೆಟ್ಟಿನ ತಲೆ, ಎತ್ತಿದ ಕೈ, ಕಂಕುಳಲ್ಲಿ ಎರಡು ಟೆನ್ನಿಸ್ ಬಾಲು. ಮೈ ಮೇಲೆ ಜೆರ್ಸಿ, ಬೆನ್ನಿಗೆ ನನ್ನ ನಂಬರ್. ಎಲ್ಲರ ಜೊತೆ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮಗಳು ಮಾತ್ರ ನಗಲಿಲ್ಲ. ಹತ್ತಿರ ಹೋಗಿ ಅಂಗಿ ಮುಟ್ಟಿ ನೋಡಿದಳು. “ಅಪ್ಪ, ಇದು ನಿನ್ನ ಜೆರ್ಸಿ ಅಲ್ಲ. ಬಣ್ಣ ಬೇರೆ.”

ಹೌದು. ಬೇರೆ ಬಣ್ಣ. ಹೊಸ ಬಟ್ಟೆಯ ಮಡಿಕೆಯ ಗೆರೆ ಇನ್ನೂ ಹೋಗಿಲ್ಲ.

ಜೆರ್ಸಿ ಅಜ್ಜನತ್ತ ತಿರುಗಿದೆ. ಅವರು ಆಕಾಶ ನೋಡುತ್ತಾ, “ನಾನೇನೂ ಹೇಳಿಲ್ಲಪ್ಪ” ಎಂದರು. ಕೋಚ್ ನೇರವಾಗಿ ಬೊಂಬೆಯ ಬಳಿ ಹೋಗಿ ಕೈಕುಲುಕಿದರು. “ಮುಂದಿನ ವರ್ಷವೂ ಹೀಗೇ ಓಡು ಮಾರಾಯ.”

ಮಗಳು ಆ ಅಂಗಿಯನ್ನು ಬಿಚ್ಚಿಸಿ ತಾನೇ ತೊಟ್ಟುಕೊಂಡಿದ್ದಾಳೆ, ಪಾದದವರೆಗೂ ಇಳಿಬಿದ್ದಿದೆ. ಎಲ್ಲರೂ ಆಟಕ್ಕೆ ಇಳಿದಿದ್ದಾರೆ. ಕುಂಟುತ್ತಲೇ ಉದ್ದಣ್ಣ ಅವಳಿಗೆ ಚೆಂಡು ಕೊಡುತ್ತಿದ್ದಾನೆ. ಅವಳೋ ಎಲ್ಲರನ್ನೂ ದಾಟಿ ಗೋಲ್‌ಕೀಪರ್ ಪಕ್ಕದಲ್ಲೇ ನಿಂತಿದ್ದಾಳೆ. ಇದು ಶುದ್ಧ ಆಫ್‌ಸೈಡ್. ಯಾರೂ ಏನೂ ಅನ್ನುತ್ತಿಲ್ಲ. ಪೆನ್ನು ಹಿಡಿದ ಕೈ ತಾನಾಗಿಯೇ ಮೇಲೆ...