ಕೂರಿಸಿ ಹೂಳಲು ಒಪ್ಪಿಗೆ ಇದೆಯೇ

ರಾಯಪುರಂ, ಚೆನ್ನೈ

ಮಾನ್ಯ ಆರೋಗ್ಯಾಧಿಕಾರಿಗಳಿಗೆ,

ತಮಿಳು ಪ್ರತಿ ಜೊತೆಗಿದೆ. ಈ ಕನ್ನಡ ಪ್ರತಿ ನಮ್ಮ ಅವ್ವ ಓದಿಸಿ ಕೇಳಿ ಒಪ್ಪಿದ್ದು.

ನಾವು ಲಿಂಗಾಯತರು. ಸತ್ತವರನ್ನು ಸುಡುವುದಿಲ್ಲ, ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಹೂಳುತ್ತೇವೆ. ಹೋದ ವರ್ಷ ಅಪ್ಪ ತೀರಿಕೊಂಡಾಗ ಸ್ಮಶಾನದ ಮೇಲ್ವಿಚಾರಕರು, ನಿಯಮದಲ್ಲಿ ಮಲಗಿಸುವ ಗುಂಡಿಯ ಅಳತೆ ಮಾತ್ರ ಇದೆ, ಮೇಲಿನವರನ್ನು ಕೇಳಬೇಕು ಎಂದರು. ಒಪ್ಪಿಗೆ ಬರುವ ಹೊತ್ತಿಗೆ ಸಂಜೆಯಾಗಿತ್ತು. ಅಷ್ಟರಲ್ಲಿ ಮೈ ಸೆಟೆದು ಅಪ್ಪನ ಮೊಣಕಾಲು ಮಡಚಲಿಲ್ಲ. ಮಲಗಿಸಿಯೇ ಹೂಳಿದೆವು. ಅವ್ವ ನೋಡುತ್ತಿದ್ದಳು.

ಈಗ ಅವ್ವನಿಗೆ ಕ್ಯಾನ್ಸರ್. ಇನ್ನೇನೂ ಮಾಡಲಾಗದೆಂದು ಆಸ್ಪತ್ರೆಯವರು ಮನೆಗೆ ಕಳಿಸಿದ್ದಾರೆ. ಮೊನ್ನೆ ಸ್ಮಶಾನಕ್ಕೆ ಹೋಗಿ ಮೊದಲೇ ವಿಚಾರಿಸಿದೆ. "ಜೀವ ಇರುವಾಗಲೇ ಗುಂಡಿ ಕೇಳ್ತೀಯಲ್ಲಮ್ಮಾ! ಮೊದಲು ಆಗಲಿ, ಆಮೇಲೆ ಬಾ," ಎಂದು ಮೇಲ್ವಿಚಾರಕರು ನಕ್ಕರು. ನಾನು ಸಾಹಿತ್ಯ ಓದಿದವಳು, ಆದರೆ ಎದುರು ಮಾತಾಡಲು ಬಾರದು. ಅದಕ್ಕೇ ಈ ಪತ್ರ.

ಕೂರಿಸಿ ಹೂಳಲು ಈಗಿನ ನಿಯಮದಲ್ಲಿ ಅವಕಾಶವಿದೆಯೇ? ಗುಂಡಿ ಎಷ್ಟು ಆಳವಿರಬೇಕು? ಒಪ್ಪಿಗೆಯನ್ನು ಮುಂಚಿತವಾಗಿಯೇ ಬರೆದುಕೊಡಲು ಸಾಧ್ಯವೇ?

ಮುಂದಿನ ಸಾಲುಗಳನ್ನು ಅವ್ವನಿಗೆ ಓದದೆ ಸೇರಿಸಿದ್ದೇನೆ. ಮನೆಗೆ ಬಂದ ದಿನದಿಂದ ಅವಳು ಮಲಗುತ್ತಿಲ್ಲ. ಹಗಲೂ ರಾತ್ರಿ ಗೋಡೆಗೆ ಒರಗಿ ಚಕ್ಕಳಮಕ್ಕಳ ಹಾಕಿ ಕೂತಿರುತ್ತಾಳೆ. ಕೂತು ಕೂತು ಮೈ ಹುಣ್ಣಾಗಿದೆ. ಸ್ವಲ್ಪ ಕಾಲು ಚಾಚು ಎಂದರೆ, "ಹಿಂಗ ಇರಲಿ ಬಿಡವಾ, ಆಮ್ಯಾಲ ನಿನಗ ತ್ರಾಸ ಆಗಬಾರದು," ಅನ್ನುತ್ತಾಳೆ.

ತಮ್ಮ ಉತ್ತರ ಬೇಗ ಬಂದರೆ ಅವಳನ್ನು ಮಲಗಿಸಬಹುದು.

ತಮ್ಮ ವಿಶ್ವಾಸಿ,
ಕೋಮಲಾ ಮುರಿಗೆಪ್ಪ