ಆಡು ತಿಂದ ಆಡುಸೋಗೆ

ಕ್ರಿಸ್ತಶಕ ಎರಡು ಸಾವಿರದ ಇನ್ನೂರ ಅರವತ್ತೆಂಟು
ಧೂಳುಮಾಸದ ಬಹುಳ ಪಂಚಮಿ, ಕರಿಗುಡ್ಡದ ವಸತಿ

ನನ್ನ ಮುತ್ತಜ್ಜಿಯ ಮುತ್ತಜ್ಜಿಯ ಕಾಲದವರಿಗೆ,

ಈ ತಾರೀಖನ್ನು ನೀವು ನಂಬಲಾರಿರಿ. ನನ್ನ ಕೆಲವು ಮಾತುಗಳೂ ನಿಮಗೆ ಅರ್ಥವಾಗಲಿಕ್ಕಿಲ್ಲ. ಅದಕ್ಕೆ ಕ್ಷಮೆಯಿರಲಿ. ಕ್ಷಮೆ ಕೇಳುವುದು ಇಲ್ಲಿಗೆ ಮುಗಿಯಿತು, ಮುಂದಿನದೆಲ್ಲ ಬೈಗುಳ.

ಧೂಳುಮಾಸವೆಂದರೆ ಫಾಲ್ಗುಣದ ಬೆನ್ನಿಗೆ ನಾವು ಸೇರಿಸಿಕೊಂಡ ತಿಂಗಳು. ಆಗ ಗುಡ್ಡದ ಕಡೆಯಿಂದ ಕೆಂಪು ಗಾಳಿ ಬೀಸುತ್ತದೆ. ಗುಡ್ಡ ಅಗೆದು ಮಾರಿದವರು ನೀವು, ಧೂಳು ನಮ್ಮ ಪಾಲಿಗೆ. ಬಾಗಿಲಿಗೆ ಸೋಸುಪರದೆ ಕಟ್ಟುತ್ತೇವೆ. ಗಾಳಿ ಸೋಸಲು ಒದ್ದೆ ಮಾಡಿದ ದಪ್ಪ ಬಟ್ಟೆ ಅದು. ರೊಟ್ಟಿ ಬಡಿಯುವುದೂ ತೊಟ್ಟಿಲು ತೂಗುವುದೂ ಅದರ ಹಿಂದೆಯೇ. ಆದರೂ ಮಕ್ಕಳಿಗೆ ಕೆಮ್ಮು ಬರುತ್ತದೆ. ನನ್ನ ಮಗಳು ಮಿಂಚುವಿಗೆ ಈ ಸಲ ಬಂದದ್ದು ಬಿಡಲೇ ಇಲ್ಲ. ಕೆಮ್ಮಿ ಕೆಮ್ಮಿ ಪಕ್ಕೆ ಹಿಡಿದುಕೊಂಡು ಕೂರುತ್ತಾಳೆ. ಪೇಟೆಯ ಔಷಧಿಬಂಡಿ ಗಾಳಿ ನಿಲ್ಲುವವರೆಗೆ ಗುಡ್ಡ ಹತ್ತುವುದಿಲ್ಲ.

ಊರಂಚಿನಲ್ಲಿ ನೀವು ಮಾಡಿಟ್ಟ ಔಷಧಿವನವಿದೆ. ಅಲ್ಲಿ ಕಲ್ಲಿನ ಮೇಲೆ ಕೊರೆಸಿದ್ದೀರಿ: ಆಡುಸೋಗೆ, ಕೆಮ್ಮು ದಮ್ಮುಗಳಿಗೆ. ಆ ಕಲ್ಲಿನ ಹಿಂದಿನ ಗಿಡದ ಕಡ್ಡಿಯನ್ನೇ ನಾವು ತಲೆಮಾರುಗಳಿಂದ ಹಿತ್ತಲಲ್ಲಿ ನೆಟ್ಟುಕೊಂಡು ಬಂದಿದ್ದೇವೆ. ಅದರ ಎಲೆ ಕುದಿಸಿ ಮಿಂಚುವಿಗೆ ಕುಡಿಸಿದೆ. ಮುಖ ಸಿಂಡರಿಸದೆ ಕುಡಿದಳು. ಎಷ್ಟು ಜಾಣೆ ಎಂದು ಹಿಗ್ಗಿದೆ. ಕೆಮ್ಮು ಮಾತ್ರ ಏರುತ್ತಲೇ ಹೋಯಿತು.

ಮೊನ್ನೆ ಕುದಿಸಲೆಂದು ಕೊಯ್ದಿಟ್ಟ ಅದೇ ಸೊಪ್ಪಿನ ಬುಟ್ಟಿಗೆ ನಮ್ಮ ಆಡು ಬಾಯಿ ಹಾಕಿತು. ಓಡಿಸಲು ಹೋದರೆ ನಮ್ಮತ್ತೆ ದುರುಗವ್ವ ನನ್ನ ಕೈ ಹಿಡಿದು ತಡೆದರು. ಅದು ಬುಟ್ಟಿ ಬರಿದು ಮಾಡುವವರೆಗೂ ನೋಡುತ್ತ ನಿಂತರು.

"ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಆಡುಸೋಗೆ ಒಂದನ್ನ ಅದು ಮೂಸಿ ಬಿಡ್ತದಂತೆ. ನಮ್ಮಜ್ಜಿ ಹೇಳೋಳು. ಇದು ಅದಲ್ಲ ಕಣವ್ವ. ನಾವು ಕೂಸಿಗೆ ಕುಡಿಸಿದ್ದು ಬರೀ ಹಸಿರು ನೀರು."

ನಿಜವಾದದ್ದು ಬಾಯಿಗಿಡಲಾಗದಷ್ಟು ಕಹಿಯಂತೆ.

ನೀವೇನು ಮಾಡಿದಿರೆಂದು ಊಹಿಸಬಲ್ಲೆ. ನೆಟ್ಟ ಆಡುಸೋಗೆ ನೀರು ಹಾಕುವವರಿಲ್ಲದೆ ಒಣಗಿತು. ದೊಡ್ಡವರು ಬಂದು ಟೇಪು ಕತ್ತರಿಸುವ ದಿನ ಹತ್ತಿರವಾಯಿತು. ಕುಂಡದಲ್ಲಿದ್ದ ಯಾವುದೋ ಅಂದದ ಗಿಡ ತಂದು ಕಲ್ಲಿನ ಹಿಂದೆ ಊರಿದಿರಿ. ಫೋಟೋದಲ್ಲಿ ಹಸಿರು ಕಂಡರೆ ಸಾಕಿತ್ತು. ಅಷ್ಟರಲ್ಲಿ ಹೊಲದ ಬೇಲಿಗಳಲ್ಲಿದ್ದ ನಿಜವಾದ ಆಡುಸೋಗೆಯನ್ನೂ ಕಿತ್ತು ಕಾಂಪೌಂಡು ಕಟ್ಟಿಸಿದ್ದಿರಿ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ನಿಮ್ಮ ಕಾಲದಲ್ಲೂ ಇತ್ತಂತೆ. ನೀವು ಬೇಲಿಯನ್ನೇ ಮೇಯ್ದಿರಿ. ಸುಳ್ಳು ಹೇಳಲು ನಿಮಗೆ ಕಲ್ಲೇ ಬೇಕಿತ್ತೆ? ಮರದ ಹಲಗೆಯಾಗಿದ್ದರೆ ಗೆದ್ದಲಾದರೂ ತಿನ್ನುತ್ತಿತ್ತು. ನನಗೆ ನಿಮ್ಮ ಮೇಲೆ ಆರದ ಸಿಟ್ಟಿದೆ. ಇದನ್ನು ಬರೆಯುವಾಗಲೂ ಪರದೆಯ ಹಿಂದಿನಿಂದ ಅವಳ ಕೆಮ್ಮು ಕೇಳುತ್ತಿದೆ.

ಈ ಕಾಗದ ಮುಟ್ಟಿದ ದಿನ ಒಂದು ಕೆಲಸ ಮಾಡಿ. ನಿಮ್ಮಲ್ಲಿ ಇನ್ನೂ ಬೇಲಿ ಉಳಿದಿದ್ದರೆ ಹೋಗಿ, ಆಡು ಮೂಸಿ ಬಿಟ್ಟ ಆ ಗಿಡದ ಕಡ್ಡಿಯೊಂದನ್ನು ಮುರಿದು ತಂದು ನೆಡಿ. ಹೆಸರು ಕೆತ್ತಿಸಬೇಡಿ, ನೀರು ಹಾಕಿ. ನಿಮ್ಮ ಮಕ್ಕಳು ಥೂ ಎಂದು ಉಗುಳುವ ಆ ಕಹಿಯನ್ನು ಸ್ವಲ್ಪ ನನ್ನ ಮಗಳಿಗೂ ಉಳಿಸಿ.

ಮಿಂಚುವಿನ ತಾಯಿ,
ಸಿದ್ದಾಂಬೆ