ಪಟ್ಟಿಯಲ್ಲಿ ಹನ್ನೆರಡು, ಯಂತ್ರದಲ್ಲಿ ಹದಿಮೂರು

ಮನೆಯಿಂದ,
ಮಂಗಳವಾರ, ಹನ್ನೊಂದನೇ ತಾರೀಖು, ಬೆಳಗ್ಗೆ

ಪ್ರೀತಿಯ ತಮ್ಮಾ,

ಮೊದಲು ನಿನ್ನ ಆರೋಗ್ಯ ವಿಚಾರಿಸಬೇಕು ಅಂತ ನನಗೂ ಗೊತ್ತು. ಆದರೆ ಎರಡು ದಿನದಿಂದ ಬೆಳಗಿನ ಜಾವ ಒಂದೇ ಕನಸು ಬೀಳುತ್ತಿದೆ, ಅದನ್ನು ಹೇಳಿಬಿಟ್ಟರೆ ಮುಂದಿನದು ಬರೆಯಲು ಬಂದೀತು. ನಮ್ಮ ಕನ್ನಡಕದ ಗಾಜಿನ ಕಾರ್ಖಾನೆಯಲ್ಲಿ, ಉಜ್ಜುವ ಕೋಣೆಯ ನನ್ನ ಸ್ಟೂಲಿನ ಮೇಲೆ ಅಮ್ಮ ಕೂತಿದ್ದಾಳೆ. ತಟ್ಟೆಯಿಂದ ಒಂದೊಂದೇ ಗಾಜು ಎತ್ತಿ ಕಣ್ಣಿಗೆ ಹಿಡಿದು, "ಇದರಲ್ಲೂ ಕಾಣಿಸ್ತಿಲ್ಲ ಕಣೇ" ಅಂತ ಪಕ್ಕದ ತಟ್ಟೆಗೆ ಹಾಕುತ್ತಾಳೆ. ಒಬ್ಬರ ಗಾಜು ಇನ್ನೊಬ್ಬರ ತಟ್ಟೆಗೆ ಬಿದ್ದರೆ ನಂಬರು ಕಲೆಸಿಹೋಗುತ್ತದಲ್ಲ ಅಂತ ನನಗೆ ಗಾಬರಿ. ಸತ್ತ ಅಮ್ಮ ಎದುರಿಗೆ ಕೂತಿದ್ದರೂ ನನ್ನ ಚಿಂತೆ ತಟ್ಟೆಯ ಮೇಲೆ. ನೋಡು, ಕನಸಿನಲ್ಲೂ ನಾನು ಹೀಗೆಯೇ.

ಈಗ ಕೇಳುತ್ತೇನೆ. ಹೇಗಿದ್ದೀಯ? ಆ ಒಣ ಕೆಮ್ಮು ನಿಂತಿತಾ? ಈಗಲೂ ನಿಂತುಕೊಂಡೇ ಊಟ ಮಾಡುತ್ತೀಯಾ? ಕೂತು ತಿನ್ನು ಮಾರಾಯ, ಊಟ ಎಲ್ಲಿಗೂ ಓಡಿಹೋಗುವುದಿಲ್ಲ. ನನಗೆ ಮಂಡಿ ನೋವು, ರಕ್ತದೊತ್ತಡದ ಮಾತ್ರೆ ಶುರುವಾಗಿದೆ, ನನ್ನ ಕನ್ನಡಕಕ್ಕೆ ನಾವೇ ಉಜ್ಜಿದ ಗಾಜು ಎರಡು ಸಲ ಬದಲಾಯಿತು. ಮಾತ್ರೆ ತಿಂದೆನೋ ಇಲ್ಲವೋ ಅಂತ ದಿನಕ್ಕೆ ನಾಲ್ಕು ಸಲ ಡಬ್ಬಿ ತೆಗೆದು ಎಣಿಸುತ್ತೇನೆ. ಇಷ್ಟೇ ನನ್ನ ಕ್ಷೇಮ.

ಅಂಚೆಯಲ್ಲಿ ಯಾಕೆ ಬರೆಯುತ್ತಿದ್ದೇನೆ ಅಂತ ನಿನಗೆ ಆಶ್ಚರ್ಯವಾಗಬಹುದು. ಮೇಲ್ ಮೇಲೆ ನನಗೆ ನಂಬಿಕೆ ಹೋಗಿದೆ. ಸರಿಯಾಗಿ ಹೇಳಬೇಕೆಂದರೆ, ಮೇಲ್ ಯಂತ್ರ ನೋಡಿಕೊಳ್ಳುವ ನನ್ನ ಮೇಲೆಯೇ ನಂಬಿಕೆ ಹೋಗಿದೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಇಂಗ್ಲಿಷ್ ಅಕ್ಷರಗಳನ್ನು ಮುಖಗಳ ಹಾಗೆ ಗುರುತು ಹಿಡಿಯುವವಳು. ಅಂಥವಳ ಕೈಗೆ ನೀನು ನಮ್ಮ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಆ ಸರ್ವರ್ ಕೊಟ್ಟು, ಗೆರೆ ನೋಟುಪುಸ್ತಕದಲ್ಲಿ ಪ್ರತಿಯೊಂದು ಕೆಲಸಕ್ಕೂ ಒಂದು, ಎರಡು, ಮೂರು ಅಂತ ಕನ್ನಡದಲ್ಲಿ ಬರೆದುಕೊಟ್ಟೆ. ಬಲಗಡೆಯ ಪುಟ ನಿನ್ನದು, ಎಡಗಡೆಯದು ನನ್ನ ಅನುಮಾನ ಬರೆದುಕೊಳ್ಳುವುದಕ್ಕೆ. "ಎಡಗಡೆ ಪುಟ ಸಾಕಾಗಲ್ಲ ಅಕ್ಕಾ, ನಿನಗೆ ಅದಕ್ಕೇ ಬೇರೆ ಪುಸ್ತಕ ಬೇಕು" ಅಂತ ನಕ್ಕಿದ್ದೆ. ನೀನು ಹೋದ ಮೇಲೂ ಯಜಮಾನರು ಆ ಕೋಣೆಯ ಬೀಗದಕೈ ನನ್ನ ಹತ್ತಿರವೇ ಬಿಟ್ಟರು. ಹಗಲೆಲ್ಲ ಗಾಜು ಉಜ್ಜುವುದು, ಬೆಳಗ್ಗೆ ಸಂಜೆ ಯಂತ್ರಕ್ಕೆ ನಿನ್ನ ಪುಸ್ತಕದ ಪ್ರಕಾರ ಉಪಚಾರ ಮಾಡುವುದು. ಆರು ವರ್ಷ ಅದು ಒಂದು ಆರ್ಡರನ್ನೂ ಕಳೆಯಲಿಲ್ಲ. ಹಾಗಂತ ನಾನು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ.

ಹೋದ ತಿಂಗಳು ಯಜಮಾನರು ಕರೆದು, ಯಂತ್ರದ ಒಳಗಿನ ಆಪರೇಟಿಂಗ್ ಸಿಸ್ಟಮ್ ತುಂಬ ಹಳೆಯದಾಯಿತು, ಅದಕ್ಕೆ ಇನ್ನು ಯಾರೂ ರಿಪೇರಿ ಕಳಿಸುವುದಿಲ್ಲ, ಹೊಸದು ಹಾಕಿಸಬೇಕು ಅಂದರು. ಹಾಕಿಸಲಿ ಅಂದುಕೊಂಡೆ. ಆಮೇಲೆ ತಿಳಿಯಿತು, ನೀನು ಕೂರಿಸಿದ್ದ ಮೇಲ್ ಸಾಫ್ಟ್‌ವೇರ್ ಈ ಹೊಸ ಸಿಸ್ಟಮ್ಮಿನ ಜೊತೆ ಬರುವುದೇ ಇಲ್ಲವಂತೆ. ಅದರ ಜಾಗದಲ್ಲಿ ಇನ್ನೊಂದು ಬರುತ್ತದೆ, ಅದರ ನಡೆ ನುಡಿ ಎಲ್ಲ ಬೇರೆ. ನಿನ್ನ ಪುಸ್ತಕದ ಒಂದು ಪುಟವೂ ಅದಕ್ಕೆ ಹೊಂದುವುದಿಲ್ಲ. ಆ ದಿನ ನನಗೆ ಅನ್ನ ಸೇರಲಿಲ್ಲ. ಮನೆಯಲ್ಲಿ ನಿನ್ನದು ಅಂತ ಉಳಿದಿದ್ದು ಒಂದು ಹಳೇ ಸ್ವೆಟರು, ಕಾರ್ಖಾನೆಯಲ್ಲಿ ಈ ಯಂತ್ರ. ನಿನ್ನ ಮೇಲೆ ಕೋಪ ಇದ್ದಾಗಲೂ ಅದರ ಮೇಲಿನ ಧೂಳನ್ನು ನಾನೇ ಒರೆಸುತ್ತಿದ್ದೆ.

ಮೊನ್ನೆ ಭಾನುವಾರ, ಕಾರ್ಖಾನೆಗೆ ರಜೆ ಇದ್ದ ದಿನ ನೋಡಿ ಇಂಜಿನಿಯರಮ್ಮ ಬಂದರು. ನನ್ನದೇ ವಯಸ್ಸು, ಬಿಳಿ ಕೂದಲಿಗೆ ಬಣ್ಣ ಹಚ್ಚದ ಹೆಂಗಸು, ಮಾತು ಸ್ವಲ್ಪ ಚುರುಕು. ಹಳೆಯದನ್ನು ಬಿಚ್ಚುವ ಮೊದಲು ಎಲ್ಲವನ್ನೂ ಕಾಗದದ ಮೇಲೆ ಪ್ರಿಂಟ್ ತೆಗೆಯಿರಿ ಅಂತ ನಾನು ಹಟ ಹಿಡಿದೆ. ಯಾರ ಮೇಲ್ ಯಾವ ಪೆಟ್ಟಿಗೆಗೆ, ಯಾರದು ಯಾರಿಗೆ ತಿರುಗಿಸುವುದು, ಎಲ್ಲ. ಅವರು ಕೀಲಿ ಒತ್ತಿದಾಗಲೆಲ್ಲ "ಇದೇನು, ಇದು ಹೋಗಲ್ಲ ತಾನೆ" ಅಂತ ಕೇಳಿ ಕೇಳಿ ಅವರ ತಲೆ ತಿಂದೆ. "ಅಕ್ಕಾ, ನೀವು ಹೀಗೆ ನೆತ್ತಿ ಮೇಲೆ ನಿಂತರೆ ಯಂತ್ರಕ್ಕೂ ರಕ್ತದೊತ್ತಡ ಬರುತ್ತೆ, ಒಂದು ಕಡೆ ಕೂತ್ಕೊಳ್ಳಿ" ಅಂದರು. ಕೂತೆ. ಐದು ನಿಮಿಷಕ್ಕೆ ಮತ್ತೆ ಎದ್ದೆ.

ಕೊನೆಗೆ ಬಂತು ಬೇಡದ ಮೇಲ್‌ಗಳ ಪಟ್ಟಿ. ನೆನಪಿದೆಯಲ್ಲ, ಪೀಡಿಸುವವರ ಹೆಸರು ಬರೆದಿಟ್ಟರೆ ಅವರ ಮೇಲ್ ಆರ್ಡರ್ ಪೆಟ್ಟಿಗೆಗೆ ಬೀಳದೆ ಮೂಲೆಯ ಇನ್ನೊಂದು ಪೆಟ್ಟಿಗೆಗೆ ಹೋಗುವ ಹಾಗೆ ನೀನೇ ಮಾಡಿದ್ದು. ಇಂಜಿನಿಯರಮ್ಮ ಫೈಲು ನೋಡಿದರು, ಯಂತ್ರದ ಒಳಗೆ ನೋಡಿದರು, ಮತ್ತೆ ಫೈಲು ನೋಡಿದರು. "ಅಕ್ಕಾ, ನೀವು ಬರೆದಿರೋ ಪಟ್ಟಿಯಲ್ಲಿ ಹನ್ನೆರಡು ಹೆಸರಿದೆ. ಯಂತ್ರ ಹದಿಮೂರು ಹಿಡಿದುಕೊಂಡು ಕೂತಿದೆ. ಈ ಹದಿಮೂರನೆಯವರು ಯಾರು?" ಅಂದರು. ಅವರು ಬೆರಳಿಟ್ಟು ತೋರಿಸಿದ ಅಕ್ಷರಗಳನ್ನು ಓದಬೇಕಾಗಿಯೇ ಇರಲಿಲ್ಲ, ಆ ಮುಖ ನನಗೆ ಗೊತ್ತಿತ್ತು. "ನನ್ನ ತಮ್ಮ" ಅಂದೆ.

ತಮ್ಮಾ, ಈ ಮಾತನ್ನು ಕೋಪ ಮಾಡಿಕೊಳ್ಳದೆ ಓದು, ಅಥವಾ ಕೋಪ ಮಾಡಿಕೊಂಡೇ ಓದು, ಆದರೆ ಪೂರ್ತಿ ಓದು. ನೀನು ಹೊಸ ಕೆಲಸಕ್ಕೆ ಹೊರಟಾಗ ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ ಅಂದೆ, ನಾನು ಬಾಗಿಲಿಗೆ ಅಡ್ಡ ನಿಂತೆ. ಅಮ್ಮ ನಡುವೆ ಕೂತು ಬಟಾಣಿ ಸುಲಿಯುತ್ತಾ, "ನಾನೇನು ಟ್ರಂಕಾ, ಇಬ್ಬರೂ ಒಂದೊಂದು ಹಿಡಿ ಹಿಡ್ಕೊಂಡು ಎಳೆಯೋಕೆ" ಅಂದಳು. ನೀನು ಊಟ ಮಾಡದೆ ಹೋದೆ. ಆ ವಾರ ಫೋನಿನಲ್ಲೂ ನಾವು ಕಿತ್ತಾಡಿದ್ದಕ್ಕೆ ಅಮ್ಮ, "ಫೋನಲ್ಲಿ ನಿಮ್ಮಿಬ್ಬರಿಗೂ ಬಾಯಿ ಮುಂದೆ, ಬುದ್ಧಿ ಹಿಂದೆ. ಇನ್ನು ಬರೆಯಿರಿ" ಅಂತ ಅಪ್ಪಣೆ ಕೊಟ್ಟಳು. ನೀನು ಬರೆದೆ. ನನಗೆ ಅಂತ ಬೇರೆ ವಿಳಾಸ ಎಲ್ಲಿತ್ತು? ಬಂದದ್ದು ಕಾರ್ಖಾನೆಯ ಆರ್ಡರ್ ಪೆಟ್ಟಿಗೆಗೆ. ಅದನ್ನು ಗುಮಾಸ್ತರು ಪ್ರಿಂಟ್ ತೆಗೆದು ನನ್ನ ಕೈಗೆ ಕೊಡುವ ಮೊದಲು ನಾಲ್ಕು ಜನ ಓದಿದ್ದರು. "ಏನಮ್ಮ, ಮನೆಯಲ್ಲಿ ಬಾಗಿಲು ಇನ್ನೂ ಗಟ್ಟಿಯಾಗಿದೆಯಾ" ಅಂತ ಒಬ್ಬ ಕೆಣಕಿದ. ನೆಲ ಬಿರಿಯಬಾರದೇ ಅನ್ನಿಸಿತು. ಆ ದಿನ ಯುಪಿಎಸ್ ನೋಡಲು ಬಂದಿದ್ದ ಮೆಕ್ಯಾನಿಕ್ಕನನ್ನು ಹಿಡಿದು, ಇವನದ್ದು ಸ್ವಲ್ಪ ದಿನ ಮೂಲೆ ಪೆಟ್ಟಿಗೆಗೆ ಹೋಗಲಿ ಅಂದೆ. ಅವನು ನಿನ್ನ ಹೆಸರು ಸೇರಿಸಿ ಹೋದ.

ಎರಡು ವಾರಕ್ಕೆ ನನಗೆ ತಡೆಯಲಿಲ್ಲ. ನಿನ್ನ ಪುಸ್ತಕ ತೆಗೆದು, ಪಟ್ಟಿ ತಿದ್ದುವ ಪುಟ ನೋಡಿಕೊಂಡು, ಒಂದರಿಂದ ಐದರವರೆಗೆ ಬೆರಳಿಟ್ಟು ಮಾಡಿ ನಿನ್ನ ಹೆಸರು ಅಳಿಸಿದೆ. ಹೋಗಿದೆ ಅಂತ ಮೂರು ಸಲ ತೆರೆದು ನೋಡಿದೆ. ಮೂಲೆ ಪೆಟ್ಟಿಗೆಯಲ್ಲಿ ಆಗ ಏನೂ ಇರಲಿಲ್ಲ. ಇನ್ನು ಬಂದರೆ ಆರ್ಡರ್ ಪೆಟ್ಟಿಗೆಗೇ ಬರುತ್ತದೆ ಅಂತ ಆಮೇಲೆ ಆ ಮೂಲೆಯ ಕಡೆ ತಿರುಗಿಯೂ ನೋಡಲಿಲ್ಲ. ಭಾನುವಾರ ಇಂಜಿನಿಯರಮ್ಮ ಹೇಳಿದರು, ಫೈಲಿನಲ್ಲಿ ಅಳಿಸಿದರೆ ಸಾಲದಂತೆ, ಅಳಿಸಿದ ಮೇಲೆ ಒಂದು ಕಮಾಂಡು ಕೊಟ್ಟು ಯಂತ್ರ ಪಟ್ಟಿಯನ್ನು ಹೊಸದಾಗಿ ಕಟ್ಟುವ ಹಾಗೆ ಮಾಡಬೇಕಂತೆ. ಇಲ್ಲದಿದ್ದರೆ ಅದು ಹಳೆಯದನ್ನೇ ನಂಬಿಕೊಂಡಿರುತ್ತದೆ. ನನ್ನ ತಮ್ಮ ಹಾಗೆ ಅರ್ಧ ಬರೆಯುವವನಲ್ಲ ಅಂತ ನಾನು ಜಗಳಕ್ಕೇ ನಿಂತೆ. ಪುಸ್ತಕ ತಂದು ತೋರಿಸಿದೆ. ಅವರು ಪುಟ ಮಗುಚಿದರು. ಐದರಲ್ಲಿ ಪುಟ ತುಂಬಿತ್ತು. ಹಿಂದೆ, ನನ್ನದು ಅಂತ ಬಿಟ್ಟಿದ್ದ ಪುಟದಲ್ಲಿ, ಆ ಮೊದಲ ವರ್ಷ ನಾನು ಕಾರ್ಖಾನೆಯ ರಜೆ ಪಟ್ಟಿ ಅಂಟಿಸಿದ್ದೆ. ನೀರು ಹಚ್ಚಿ ಮೆಲ್ಲಗೆ ಬಿಡಿಸಿದೆ. ಕೆಳಗೆ ನಿನ್ನ ಅಕ್ಷರ: "ಆರು. ಈ ಕಮಾಂಡು ಕೊಡದಿದ್ದರೆ ಏನು ತಿದ್ದಿದರೂ ಉಪಯೋಗವಿಲ್ಲ, ಅಕ್ಕಾ, ಮರೆಯಬೇಡ."

ಮೂಲೆ ಪೆಟ್ಟಿಗೆಯಲ್ಲಿ ನಿನ್ನವು ಇಪ್ಪತ್ತಮೂರು ಇದ್ದವು.

ಇಂಜಿನಿಯರಮ್ಮ ಹೊಸ ಸಿಸ್ಟಮ್ಮಿಗೆ ಎಲ್ಲಕ್ಕಿಂತ ಮೊದಲು ಅವನ್ನೇ ಸಾಗಿಸಿ, ಕಾಗದದ ಮೇಲೂ ತೆಗೆದುಕೊಟ್ಟು, ನಾನು ಉಜ್ಜುವ ಕೋಣೆಯಲ್ಲಿ ಕೂತು ಓದುವಷ್ಟು ಹೊತ್ತು ಚಹಾ ಕುಡಿಯುವ ನೆಪ ಮಾಡಿ ಹೊರಗೆ ನಿಂತರು. ನಿನ್ನ ಕೋಣೆಯ ಕಿಟಕಿ ಮುಚ್ಚುವುದಿಲ್ಲ ಅಂತ ಬರೆದಿದ್ದೀಯ. ಅಮ್ಮನಿಗೆ ಉಣ್ಣೆಯ ಕಾಲುಚೀಲ ತೆಗೆದಿಟ್ಟಿದ್ದೀಯ, ಅಳತೆ ಕೇಳಿದ್ದೀಯ. ಅದೇ ಅಳತೆ ಮೂರು ಪತ್ರದಲ್ಲಿ ಕೇಳಿದ್ದೀಯ. ಏಳನೆಯದರಲ್ಲಿ ಕ್ಷಮೆ ಕೇಳಿದ್ದೀಯ. ಕೇಳಬೇಕಾದವಳು ನಾನು. ಆಮೇಲಾಮೇಲೆ ಪತ್ರಗಳು ಸಣ್ಣದಾಗುತ್ತಾ ಬಂದವು. ನಾಲ್ಕು ವರ್ಷ ನಾನೂ ಬರೆಯಲಿಲ್ಲ, ಹೋದವನು ಅವನು, ಅವನೇ ಮತ್ತೆ ಬರೆಯಲಿ ಅಂತ ಬಿಗಿದುಕೊಂಡಿದ್ದೆ. ಅಮ್ಮ ಕೇಳಿದಾಗ "ಬರೆದಿದ್ದೀನಮ್ಮ, ಅವನೇ ಉತ್ತರ ಕೊಡ್ತಿಲ್ಲ" ಅಂತ ಸುಳ್ಳು ಹೇಳಿದೆ. ಅದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ, ಅವಳ ಮುಂದೆ ಒಪ್ಪಿಕೊಳ್ಳೋಣವೆಂದರೆ ಈಗ ಅವಳಿಲ್ಲ.

ನಾನು ನಿನಗೆ ಬರೆದದ್ದು ಒಂದೇ ಸಲ, ಅಮ್ಮ ಹೋದ ಮಾರನೆಯ ದಿನ, ಎರಡು ಸಾಲು. ಅದಕ್ಕೆ ನೀನು ಕೊಟ್ಟ ಉತ್ತರವೇ ಇಪ್ಪತ್ತಮೂರನೆಯದು. "ಬಾ ಅಂದರೆ ಈಗಲೇ ಹೊರಡುತ್ತೇನೆ. ನೀನು ಕರೆಯದೆ ಆ ಬಾಗಿಲಿಗೆ ಬರಲಾರೆ. ಎರಡು ದಿನ ಕಾಯುತ್ತೇನೆ." ಕೆಳಗೆ ಮನೆ ವಿಳಾಸ. ಆ ಎರಡು ದಿನ ನಾನೇನು ಮಾಡುತ್ತಿದ್ದೆ ಗೊತ್ತಾ? ಬಂದು ಹೋಗುವವರಿಗೆಲ್ಲ, ಹೆತ್ತವಳು ಸತ್ತರೂ ಒಂದು ಸಾಲು ಬರೆಯದ ಕಲ್ಲು ಮನುಷ್ಯ ಅಂತ ನಿನ್ನನ್ನು ಬೈಯುತ್ತಿದ್ದೆ. ಚಿಕ್ಕಮ್ಮನ ಹತ್ತಿರ, ಗುಮಾಸ್ತರ ಹತ್ತಿರ, ಹಾಲಿನವನ ಹತ್ತಿರ ಕೂಡ. ನಿನ್ನೆಯಿಂದ ಒಬ್ಬೊಬ್ಬರ ಮನೆಗೂ ಹೋಗಿ ಹೇಳಿ ಬರುತ್ತಿದ್ದೇನೆ, ತಪ್ಪು ಅವನದಲ್ಲ ಅಂತ. ಹಾಲಿನವನು, "ಯಾವ ತಮ್ಮನಮ್ಮ?" ಅಂದ. ಅವನಿಗೆ ಮರೆತೇ ಹೋಗಿತ್ತು.

ಹೊಸ ಮೇಲ್ ಸಾಫ್ಟ್‌ವೇರ್ ಚೆನ್ನಾಗಿಯೇ ಓಡುತ್ತಿದೆ. ಪಟ್ಟಿಯಲ್ಲಿ ಹನ್ನೆರಡೇ ಇವೆ, ಒಳಗೂ ಹನ್ನೆರಡೇ, ನಾನೇ ಎಣಿಸಿದೆ. ಇಂಜಿನಿಯರಮ್ಮ ತಮ್ಮ ಫೋನಿನಿಂದ ಒಂಬತ್ತು ಸಲ ಮೇಲ್ ಕಳಿಸಿ ತೋರಿಸಿದರು, ಹತ್ತನೆಯದಕ್ಕೆ ಕೈ ಮುಗಿದರು. ಹೊಸ ನೋಟುಪುಸ್ತಕ ಮಾಡಿದ್ದೇವೆ. ಎರಡೂ ಕಡೆ ಬರೆದಿದ್ದೇವೆ, ಏನನ್ನೂ ಅಂಟಿಸುವುದಿಲ್ಲ.

ಎರಡು ವರ್ಷ ತಡವಾಗಿ ಹೇಳುತ್ತಿದ್ದೇನೆ, ಬಾ. ಬರುವುದಕ್ಕೆ ಮನಸ್ಸಾಗದಿದ್ದರೆ ಬೈದಾದರೂ ಬರೆ. ಆ ವಿಳಾಸದಲ್ಲಿ ನೀನು ಈಗಲೂ ಇದ್ದೀಯೋ ಇಲ್ಲವೋ ಅನ್ನುವುದೊಂದು ಹೆದರಿಕೆ ಬೇರೆ. ಅಮ್ಮನ ಪಾದ ಎಂಟೂವರೆ ಅಂಗುಲ, ಹೆಬ್ಬೆರಳ ಹತ್ತಿರ ಸ್ವಲ್ಪ ಸಡಿಲ ಬೇಕು. ನೀನು ಕೇಳಿದ್ದೆಯಲ್ಲ, ಹೇಳದೆ ಹೇಗಿರಲಿ.

ಅವಳು ನಿನ್ನ ತಲೆ ಮೇಲೆ ಇಡಬೇಕಿದ್ದ ಕೈಯನ್ನು ನಾನು ಇಡುತ್ತಿದ್ದೇನೆ ಅಂದುಕೋ. ಎಲ್ಲಿದ್ದರೂ ಹೊಟ್ಟೆ ತುಂಬ ಉಂಡು, ಬೆಚ್ಚಗಿರು.

ನಿನ್ನ
ಅಕ್ಕ

ತಾ. ಕ.: ಲಕೋಟೆಗೆ ಅಂಟು ಹಚ್ಚಿದ ಮೇಲೆ ಮತ್ತೆ ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಅಮ್ಮ ಹೋದ ದಿನ ಬೆಳಗ್ಗೆ, "ಒಂದು ಸಲ ಹೋಗಿ ನೋಡ್ಕೊಂಡು ಬಾರೇ, ಇವತ್ತು ಬಂದಿರುತ್ತೆ" ಅಂದಳು. ಕಾರ್ಖಾನೆಗೆ ಓಡಿಹೋಗಿ ಆರ್ಡರ್ ಪೆಟ್ಟಿಗೆ ತೆರೆದೆ. ಹನ್ನೊಂದರ ಚಹಾ ಗಂಟೆ ಇನ್ನೂ ಹೊಡೆದಿರಲಿಲ್ಲ. ಎರಡು ಆರ್ಡರು ಇದ್ದವು, ಅಷ್ಟೇ. ಬಂದು "ಇಲ್ಲಮ್ಮ" ಅಂದೆ. "ಆಯ್ತು ಬಿಡು, ಅವನಿಗೆ ಕೆಲಸ ಇರುತ್ತೆ" ಅಂದು ಗೋಡೆ ಕಡೆ ತಿರುಗಿಕೊಂಡಳು. ಆಮೇಲೆ ಮಾತಾಡಲಿಲ್ಲ. ಮೂರು ಗಂಟೆಗೆ ಹೋದಳು. ನಿನ್ನ ಇಪ್ಪತ್ತೆರಡನೆಯ ಪತ್ರ ಅದೇ ದಿನದ್ದು: "ಅಮ್ಮ ಹೇಗಿದ್ದಾಳೆ? ಒಂದು ಸಾಲು ಸಾಕು." ಅದರ ಮೇಲೆ ಎರಡು ಸಮಯ ಬಿದ್ದಿವೆ, ನಿನ್ನ ಕಡೆಯದು ಹತ್ತೂ ಐವತ್ತು, ನಮ್ಮ ಯಂತ್ರದ್ದು ಹನ್ನೊಂದೂ ನಲವತ್ತು. ನಮ್ಮ ಯಂತ್ರದ ಗಡಿಯಾರ ಆಗ ಮುಂದೆ ಓಡುತ್ತಿತ್ತು, ಅದನ್ನು ನಂಬುವ ಹಾಗಿಲ್ಲ. ನಿನ್ನದು ಸರಿಯಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಹತ್ತೂ ಐವತ್ತೇ ನಿಜವಾದರೆ, ನಾನು ಪೆಟ್ಟಿಗೆ ತೆರೆದಾಗ ಅದು ಮೂಲೆಗೆ ಬಂದು ಬಿದ್ದಿರಬಹುದು. ಅದಕ್ಕಿಂತ ಹಿಂದಿನ ಇಪ್ಪತ್ತೊಂದಕ್ಕೂ ಇಲ್ಲ ಅಂದವಳೇ ನಾನು, ಇದೊಂದರಿಂದ ಏನು ತೊಳೆದುಹೋಗುತ್ತದೆ ಅಂತ ನೀನು ಕೇಳಬಹುದು. ಆದರೂ ಆ ಕೊನೆಯ ಒಂದು ಇಲ್ಲ, ಅದೊಂದಾದರೂ ನಿಜವಾಗಿತ್ತಾ ಅಂತ ತಿಳಿಯಬೇಕು. ನನಗೆ ಬೇಜಾರಾಗುತ್ತದೆ ಅಂತ ಬದಲಿಸಿ ಹೇಳಬೇಡ. ನೀನು ಕಳಿಸಿದವುಗಳ ಪೆಟ್ಟಿಗೆ ತೆರೆದು, ಆ ದಿನದ್ದನ್ನು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಕಳಿಸಿದ್ದು ಅಂತ ಇನ್ನೊಂದು ಸಲ ನೋಡು.